ಸೋರಿರಬಹುದು ಎನ್ನುವುದನ್ನೂ ಹೇಳಬೇಕು

2019ರ ಜೂನ್ 4ರಂದು ಆಸ್ಟ್ರೇಲಿಯಾದ ರಾಜಧಾನಿ ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯ ಕುಲಪತಿ ಬ್ರಯಾನ್ ಶ್ಮಿಟ್ ತಮ್ಮ ವಿದ್ಯಾರ್ಥಿಗಳಿಗೂ ಸಿಬ್ಬಂದಿಗೂ ಒಂದು ಸಂದೇಶ ಕಳುಹಿಸಿದರು. ಅದರ ಸಾರಾಂಶ ಇಷ್ಟು. 2018ರ ಕೊನೆಯಲ್ಲಿ ಯಾರೋ ನಮ್ಮ ಗಣಕ ವ್ಯವಸ್ಥೆಯೊಳಗೆ ಅಕ್ರಮವಾಗಿ ನುಗ್ಗಿದ್ದಾರೆ. ಅದು ನಮಗೆ ಗೊತ್ತಾದದ್ದು ಎರಡು ವಾರಗಳ ಹಿಂದೆ. ಹತ್ತೊಂಬತ್ತು ವರ್ಷಗಳಷ್ಟು ಹಿಂದಿನ ದಾಖಲೆಗಳವರೆಗೆ ಅವರ ಕೈ ತಲುಪಿದೆ. ಹೆಸರು, ವಿಳಾಸ, ಹುಟ್ಟಿದ ದಿನಾಂಕ, ದೂರವಾಣಿ, ತುರ್ತು ಸಂದರ್ಭದಲ್ಲಿ ಸಂಪರ್ಕಿಸಬೇಕಾದವರ ವಿವರ, ತೆರಿಗೆ ಸಂಖ್ಯೆ, ಸಂಬಳ, ಬ್ಯಾಂಕ್ ಖಾತೆ, ಪಾಸ್‌ಪೋರ್ಟ್ ವಿವರ, ವಿದ್ಯಾರ್ಥಿಗಳ ಶೈಕ್ಷಣಿಕ ದಾಖಲೆ ಇವೆಲ್ಲ ಆ ದಾಖಲೆಗಳಲ್ಲಿದ್ದವು. ಸುಮಾರು ಎರಡು ಲಕ್ಷ ಜನರ ಮಾಹಿತಿ ಎಂಬುದು ಆಗಿನ ಅಂದಾಜು. ಕ್ರೆಡಿಟ್ ಕಾರ್ಡ್, ವೈದ್ಯಕೀಯ ದಾಖಲೆ ಮುಂತಾದವು ಇದ್ದ ಭಾಗಕ್ಕೆ ಧಕ್ಕೆಯಾಗಿಲ್ಲ ಎಂದೂ ಅದೇ ಉಸಿರಿನಲ್ಲಿ ತಿಳಿಸಲಾಯಿತು. ಪ್ರಶ್ನೆ ಇದ್ದವರಿಗೆ ಒಂದು ಸಹಾಯವಾಣಿಯನ್ನೂ ತೆರೆದರು.

ಈ ಪ್ರಕರಣದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಕನ್ನ ಹಾಕಿದವರ ಜಾಣತನವಲ್ಲ. ಖಚಿತವಾಗಿ ಗೊತ್ತಿಲ್ಲದ ಸಂಗತಿಯನ್ನು ಒಂದು ವಿಶ್ವವಿದ್ಯಾಲಯ ಹೇಳಿದ ರೀತಿ. ಯಾರ ಯಾವ ದಾಖಲೆಯನ್ನು ನಿಜವಾಗಿ ಹೊತ್ತೊಯ್ದರು ಎಂಬುದು ಆ ದಿನ ಅವರಿಗೆ ತಿಳಿದಿರಲಿಲ್ಲ. ತಿಳಿದಿದ್ದು ಎಲ್ಲಿಯವರೆಗೆ ತಲುಪಲು ಸಾಧ್ಯವಿತ್ತು ಎಂಬುದು ಮಾತ್ರ. ಆ ಗರಿಷ್ಠ ಮಿತಿಯನ್ನೇ ಹೇಳಿದರು. ನಾಲ್ಕು ತಿಂಗಳ ನಂತರ, 2019ರ ಅಕ್ಟೋಬರ್ 2ರಂದು, ಇಡೀ ಘಟನೆಯ ವರದಿಯನ್ನು ಸಾರ್ವಜನಿಕವಾಗಿ ಪ್ರಕಟಿಸಿದರು. ಮೊದಲು ಹೆದರಿದ್ದಕ್ಕಿಂತ ತುಂಬ ಕಡಿಮೆ ಪ್ರಮಾಣದ ಮಾಹಿತಿ ಹೊರಹೋಗಿದೆ, ಆದರೆ ಯಾವ ದಾಖಲೆಗಳು ಎಂದು ಈಗಲೂ ನಿಖರವಾಗಿ ಹೇಳಲಾಗುತ್ತಿಲ್ಲ ಎಂದು ಅದರಲ್ಲಿ ಬರೆದರು.

ಶ್ಮಿಟ್ ಖಗೋಳ ವಿಜ್ಞಾನಿ. ದೂರದ ಸೂಪರ್‌ನೋವಾಗಳನ್ನು ಅಳೆದು ವಿಶ್ವದ ಹಿಗ್ಗುವಿಕೆ ವೇಗ ಪಡೆಯುತ್ತಿದೆ ಎಂದು ತೋರಿಸಿದ್ದಕ್ಕೆ 2011ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದವರಲ್ಲಿ ಒಬ್ಬರು. ಭೌತಶಾಸ್ತ್ರ ಓದಿ ಬಿ.ಇಡ್. ತರಗತಿಗೆ ಬಂದಿರುವ ನನಗೆ ಇದು ಕೇವಲ ಕಾಕತಾಳೀಯ ಎನಿಸುವುದಿಲ್ಲ. ಸರಳ ಲೋಲಕದ ಪ್ರಯೋಗದಲ್ಲಿ ಗುರುತ್ವ ವೇಗೋತ್ಕರ್ಷದ ಬೆಲೆ ಬರೆದು, ಮುಂದೆ ದೋಷದ ಅಂದಾಜು ಬರೆಯದ ವಿದ್ಯಾರ್ಥಿಗೆ ನಾವು ಅಂಕ ಕಳೆಯುತ್ತೇವೆ. ‘ಇಷ್ಟು, ಹೆಚ್ಚುಕಡಿಮೆ ಇಷ್ಟು’ ಎಂದು ಬರೆದವನಿಗೆ ಪೂರ್ಣ ಅಂಕ ಕೊಡುತ್ತೇವೆ. ಅನಿಶ್ಚಿತತೆಯನ್ನು ಅಳತೆಯ ಭಾಗವಾಗಿಯೇ ಹೇಳುವುದು ನಮ್ಮ ವಿಷಯದ ಮೊದಲ ಶಿಸ್ತು. ಆಡಳಿತ ಕಚೇರಿಯ ಮೆಟ್ಟಿಲು ಹತ್ತಿದ ಕೂಡಲೇ ಆ ಶಿಸ್ತು ಎಲ್ಲಿ ಹೋಗುತ್ತದೋ ಕಾಣೆ. ಅಲ್ಲಿ ಇರುವುದು ಎರಡೇ ಉತ್ತರ: ‘ಏನೂ ಆಗಿಲ್ಲ’ ಅಥವಾ ಮೌನ.

ಆ ವರದಿಯಲ್ಲಿ ಇನ್ನೊಂದು ಸಂಗತಿ ಇದೆ. ದಾಳಿ ಶುರುವಾದದ್ದು 2018ರ ನವೆಂಬರ್ 9ರಂದು, ಹಿರಿಯ ಸಿಬ್ಬಂದಿಯೊಬ್ಬರಿಗೆ ಬಂದ ಒಂದು ಇ-ಮೇಲ್‌ನಿಂದ. ಯಾರೂ ಅದರಲ್ಲಿದ್ದ ಲಿಂಕ್ ಒತ್ತಲಿಲ್ಲ, ಲಗತ್ತನ್ನು ತೆರೆಯಲಿಲ್ಲ. ಪತ್ರವನ್ನು ಮುನ್ನೋಟದಲ್ಲಿ ನೋಡಿದ್ದಷ್ಟೇ. ಅಷ್ಟಕ್ಕೇ ಗುಪ್ತಪದ ಕಳುವಾಯಿತು. ಆ ಸಿಬ್ಬಂದಿಯ ಹೆಸರನ್ನು ವರದಿ ಎಲ್ಲೂ ಹೇಳುವುದಿಲ್ಲ. ಅಲ್ಲಿಂದ ಮುಂದೆ ಹಳೆಯ ಸರ್ವರ್‌ಗಳ ಮೂಲಕ ಕಳ್ಳರು ಹೇಗೆ ಒಳಹೊಕ್ಕರು, ತಮ್ಮ ಎಚ್ಚರಿಕೆಯ ವ್ಯವಸ್ಥೆ ಎಲ್ಲಿ ಎಡವಿತು ಎಂಬುದನ್ನು ಮಾತ್ರ ಮುಚ್ಚುಮರೆಯಿಲ್ಲದೆ ಬಿಚ್ಚಿಡುತ್ತದೆ. ‘ಯಾರು ಮಾಡಿದ್ದು?’ ಎಂಬ ಪ್ರಶ್ನೆಯಿಂದಲೇ ವಿಚಾರಣೆ ಶುರು ಮಾಡುವ ನಮ್ಮ ಶಾಲೆ ಕಾಲೇಜುಗಳ ರೂಢಿಗೆ ಇದು ಹೊಸ ಪಾಠ.

ಅವರು ಮಾಡಿದ್ದೆಲ್ಲ ಸರಿ ಎಂದು ನಾನು ಹೇಳುತ್ತಿಲ್ಲ. ಗೊತ್ತಾದ ಮೇಲೆ ಎರಡು ವಾರ ಸುಮ್ಮನಿದ್ದದ್ದು ನನ್ನ ದೃಷ್ಟಿಯಲ್ಲಿ ಹೆಚ್ಚಾಯಿತು. ಬಾಗಿಲು ಭದ್ರಪಡಿಸುವ ಮೊದಲೇ ಊರಿಗೆ ಸಾರಿದರೆ ಮತ್ತೊಬ್ಬ ಕಳ್ಳ ಬರುತ್ತಾನೆ ಎಂಬುದು ಅವರ ವಾದ. ಅದರಲ್ಲಿ ಹುರುಳಿದೆ. ಆದರೂ ಬ್ಯಾಂಕ್ ಖಾತೆಯ ವಿವರ ಹೋಗಿರಬಹುದಾದವನಿಗೆ ಎರಡು ವಾರ ಸಣ್ಣ ಅವಧಿಯಲ್ಲ.

ನಮ್ಮ ಕಡೆಗೆ ಬರುತ್ತೇನೆ. ನನ್ನ ಸಹಪಾಠಿಯೊಬ್ಬಳು ಕಳೆದ ವರ್ಷ ತನ್ನ ಪದವಿ ಪ್ರಮಾಣಪತ್ರಕ್ಕಾಗಿ ಒಂದು ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದ್ದಳು. ಯಾವ ವಿಶ್ವವಿದ್ಯಾಲಯ ಎಂಬುದು ಇಲ್ಲಿ ಮುಖ್ಯವಲ್ಲ. ಮೊಬೈಲ್‌ಗೆ ಬಂದ ಸಂದೇಶದಲ್ಲಿದ್ದ ಲಿಂಕ್ ತೆರೆದಾಗ ಕಂಡದ್ದು ಅವಳೊಬ್ಬಳ ಅರ್ಜಿಯಲ್ಲ, ಆ ಸಾಲಿನ ಅರ್ಜಿದಾರರೆಲ್ಲರ ಪಟ್ಟಿ. ಹೆಸರು, ಮೊಬೈಲ್, ಹುಟ್ಟಿದ ದಿನಾಂಕ, ಆಧಾರ್ ಸಂಖ್ಯೆ, ಪ್ರವರ್ಗ, ಶುಲ್ಕ ಮರುಪಾವತಿಗೆ ಕೊಟ್ಟ ಬ್ಯಾಂಕ್ ಖಾತೆ, ಎಲ್ಲ ಸಾಲುಸಾಲಾಗಿ. ಅವಳು ಅಂದೇ ಕಚೇರಿಗೆ ಫೋನ್ ಮಾಡಿದಳು. ಯಾರೂ ಎತ್ತದಿದ್ದಾಗ ಇ-ಮೇಲ್ ಕಳುಹಿಸಿದಳು. ನಾಲ್ಕು ದಿನಗಳ ಮೇಲೆ ಉತ್ತರ ಬಂತು: ನಿಮಗೆ ಸಂಬಂಧಿಸದ ಮಾಹಿತಿಯನ್ನು ಏಕೆ ತೆರೆದಿರಿ ಎಂಬ ಬಗ್ಗೆ ಲಿಖಿತ ವಿವರಣೆ ಸಲ್ಲಿಸಿ. ಹನ್ನೊಂದನೆಯ ದಿನ ಲಿಂಕ್ ತೆರೆಯುವುದು ನಿಂತಿತು. ಪ್ರಕಟಣೆ ಅಂತ ಇವತ್ತಿನವರೆಗೂ ಒಂದೂ ಹೊರಬಿದ್ದಿಲ್ಲ. ಈ ನಡುವೆ ನಮ್ಮ ಗುಂಪಿನ ಇಬ್ಬರಿಗೆ, ಅವರ ಅರ್ಜಿ ಸಂಖ್ಯೆಯನ್ನೇ ಹೇಳಿ, ಪ್ರಮಾಣಪತ್ರ ಬೇಗ ಬೇಕಾದರೆ ಕ್ಯೂಆರ್ ಕೋಡ್‌ಗೆ ಹಣ ಹಾಕಿ ಎನ್ನುವ ಕರೆಗಳು ಬಂದವು. ಆ ಕರೆಗಳಿಗೂ ಆ ಪಟ್ಟಿಗೂ ಸಂಬಂಧವಿತ್ತು ಎಂದು ನಾನು ಸಾಬೀತು ಮಾಡಲಾರೆ. ಸಂಬಂಧ ಇರಲಿಲ್ಲ ಎಂದು ಕಚೇರಿಯೂ ಸಾಬೀತು ಮಾಡಲಾರದು. ‘ಸಾಧ್ಯತೆ’ ಎಂಬ ಪದದ ಅರ್ಥವೇ ಅದು, ಅದನ್ನು ಅರ್ಜಿದಾರರಿಗೆ ತಿಳಿಸಬೇಕಾದದ್ದೂ ಅದಕ್ಕಾಗಿಯೇ.

ನನಗೆ ಹೆಚ್ಚು ನೋವಾದದ್ದು ಪಟ್ಟಿ ಬಯಲಾದದ್ದಕ್ಕಲ್ಲ, ಆ ಹುಡುಗಿಗೆ ಬಂದ ಉತ್ತರಕ್ಕೆ. ಕಪ್ಪುಹಲಗೆಯ ಮೇಲೆ ನಾವು ಸಮೀಕರಣ ಬರೆಯುವಾಗ ಋಣ ಚಿಹ್ನೆ ಬಿಟ್ಟುಹೋದರೆ ಹಿಂದಿನ ಬೆಂಚಿನ ಮಗು ಕೈ ಎತ್ತಿ ಹೇಳುತ್ತದೆ. ಆಗ ‘ನೀನ್ಯಾಕೆ ನೋಡಿದೆ?’ ಎಂದು ಕೇಳುವ ಶಿಕ್ಷಕರ ತರಗತಿಯಲ್ಲಿ ಮತ್ತೆಂದೂ ಯಾವ ಮಗುವೂ ಕೈ ಎತ್ತುವುದಿಲ್ಲ. ಸೂಕ್ಷ್ಮ ಬೋಧನೆಯಲ್ಲಿ ಪುನರ್ಬಲನ ಕೌಶಲ ಎಂದು ಒಂದು ವಾರ ಅಭ್ಯಾಸ ಮಾಡುತ್ತೇವಲ್ಲ, ಅದರ ಮೊದಲ ಪುಟದಲ್ಲಿರುವ ಮಾತು ಇದು. ಮುಂದಿನ ಸಲ ಇಂಥ ಲಿಂಕ್ ಕಂಡವರು ಏನು ಮಾಡುತ್ತಾರೆ ಎಂದು ಊಹಿಸುವುದು ಕಷ್ಟವಲ್ಲ. ನೋಡಿಯೂ ನೋಡದಂತೆ ಮುಚ್ಚುತ್ತಾರೆ, ಇಲ್ಲವೇ ಸ್ಕ್ರೀನ್‌ಶಾಟ್ ತೆಗೆದು ವಾಟ್ಸ್‌ಆಪ್‌ಗೆ ಹಾಕುತ್ತಾರೆ.

ಸ್ಟಾಫ್ ರೂಮಿನಲ್ಲಿ ಈ ವಿಷಯ ಎತ್ತಿದಾಗ ಹಿರಿಯರೊಬ್ಬರು ಹೇಳಿದ್ದು: ಖಚಿತವಾಗದ ಸಂಗತಿಯನ್ನು ಪ್ರಕಟಿಸಿದರೆ ಮಕ್ಕಳು ಗಾಬರಿಯಾಗುತ್ತಾರೆ, ತಂದೆತಾಯಂದಿರು ಕಚೇರಿಗೆ ನುಗ್ಗುತ್ತಾರೆ. ಅವರ ಕಾಳಜಿಯನ್ನು ನಾನು ಗೌರವಿಸುತ್ತೇನೆ, ಒಪ್ಪುವುದಿಲ್ಲ. ಮೌನದಿಂದ ಗಾಬರಿ ಕಡಿಮೆಯಾದ ಒಂದು ಉದಾಹರಣೆಯೂ ನನಗೆ ಗೊತ್ತಿಲ್ಲ. ಆ ಹನ್ನೊಂದು ದಿನಗಳಲ್ಲಿ ನಮ್ಮ ಗುಂಪುಗಳಲ್ಲಿ ಹರಿದಾಡಿದ ಸುದ್ದಿಗಳನ್ನು ಓದಿದ್ದರೆ ಅವರಿಗೂ ಹಾಗೆಯೇ ಅನಿಸುತ್ತಿತ್ತು. ಎಲ್ಲರ ಖಾತೆಯಿಂದ ಹಣ ಹೋಗಿದೆ, ಅಂಕಪಟ್ಟಿಗಳನ್ನೇ ತಿದ್ದಿದ್ದಾರೆ, ಪದವಿಯೇ ರದ್ದಾಗುತ್ತದೆ ಎಂಬಲ್ಲಿಯವರೆಗೂ ಹೋಗಿತ್ತು. ಕಚೇರಿ ಆರು ಸಾಲು ಬರೆದಿದ್ದರೆ ಇದರಲ್ಲಿ ಮುಕ್ಕಾಲು ಪಾಲು ಹುಟ್ಟುತ್ತಲೇ ಇರಲಿಲ್ಲ.

ಇನ್ನೂ ಮುಖ್ಯವಾದದ್ದು, ತಿಳಿದವರು ಏನಾದರೂ ಮಾಡಿಕೊಳ್ಳಬಹುದು. ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಸೋರಿದ ಮಾಹಿತಿಯಲ್ಲಿ ಬದಲಾಯಿಸಬಹುದಾದದ್ದು ಇದೆ, ಬದಲಾಯಿಸಲಾಗದ್ದು ಇದೆ. ಗುಪ್ತಪದವನ್ನು ಐದು ನಿಮಿಷದಲ್ಲಿ ಬದಲಿಸಬಹುದು. ಅದೇ ಗುಪ್ತಪದವನ್ನು ಬೇರೆ ಕಡೆ ಬಳಸಿದ್ದರೆ ಅಲ್ಲಿಯೂ ಬದಲಿಸಬೇಕು. ಎಟಿಎಂ ಕಾರ್ಡ್ ರದ್ದು ಮಾಡಿಸಬಹುದು. ಆಧಾರ್‌ನ ಬೆರಳಚ್ಚನ್ನು ಬದಲಿಸಲಾಗದು, ಆದರೆ ಅದಕ್ಕೆ ಬೀಗ ಹಾಕಬಹುದು, ಬೇಕಾದಾಗ ತೆಗೆಯಬಹುದು. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿದಷ್ಟೂ ಅದನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು. ಆದರೆ ಹುಟ್ಟಿದ ದಿನಾಂಕ, ತಾಯಿಯ ಹೆಸರು, ಜಾತಿ, ಊರು ಇವಕ್ಕೆ ಬೀಗವೂ ಇಲ್ಲ, ಬದಲಿಯೂ ಇಲ್ಲ. ಒಮ್ಮೆ ಹೋದರೆ ಬದುಕಿರುವವರೆಗೂ ಹೋದಂತೆ. ವಿಚಿತ್ರವೆಂದರೆ ಎಷ್ಟೋ ಪೋರ್ಟಲ್‌ಗಳಲ್ಲಿ ನೋಂದಣಿ ಸಂಖ್ಯೆಯೇ ಬಳಕೆದಾರರ ಹೆಸರು, ಹುಟ್ಟಿದ ದಿನಾಂಕವೇ ಗುಪ್ತಪದ. ಬದಲಿಸಲಾಗದ್ದನ್ನು ಬೀಗದ ಕೈಯಾಗಿ ಬಳಸುವ ಈ ಪದ್ಧತಿಯನ್ನು ಯಾರು ಶುರುಮಾಡಿದರೋ, ಅವರಿಗೆ ಒಂದು ಪುನಶ್ಚೇತನ ಶಿಬಿರ ಅಗತ್ಯ.

ಸೋರಿಕೆಯ ನಂತರ ಬರುವ ಎರಡನೆಯ ಅಪಾಯವನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ. ನಿಮ್ಮ ಅರ್ಜಿ ಸಂಖ್ಯೆ, ತಂದೆಯ ಹೆಸರು, ವಿಭಾಗ ಎಲ್ಲವನ್ನೂ ಸರಿಯಾಗಿ ಹೇಳುವ ಕರೆಯನ್ನು ಅನುಮಾನಿಸುವುದು ಕಷ್ಟ. ‘ಇಷ್ಟೆಲ್ಲ ಗೊತ್ತಿದೆ ಎಂದರೆ ಕಚೇರಿಯವರೇ ಇರಬೇಕು’ ಎಂದು ಮನಸ್ಸು ಹೇಳುತ್ತದೆ. ಪಟ್ಟಿ ಬಯಲಾಗಿರಬಹುದು ಎಂದು ಮೊದಲೇ ತಿಳಿದಿದ್ದರೆ ಅದೇ ಮನಸ್ಸು ಬೇರೆ ಮಾತು ಹೇಳುತ್ತದೆ. ಎಚ್ಚರಿಕೆಯ ಆರು ಸಾಲುಗಳಿಗೆ ಇರುವ ಬೆಲೆ ಇದು.

ಕಾನೂನು ಏನು ಹೇಳುತ್ತದೆ ಎಂದು ಕೇಳುವವರಿಗೆ ಸಂಕ್ಷಿಪ್ತವಾಗಿ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿತು. ಆ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ; 2012ರಲ್ಲಿ ಅರ್ಜಿ ಹಾಕುವಾಗ ಎಂಬತ್ತರ ಪ್ರಾಯ ದಾಟಿದ್ದವರು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. 2025ರ ನವೆಂಬರ್‌ನಲ್ಲಿ ಅದರ ನಿಯಮಗಳು ಪ್ರಕಟವಾದವು. ಹೆಚ್ಚಿನ ಹೊಣೆಗಾರಿಕೆಗಳು ಜಾರಿಯಾಗಲು ಹದಿನೆಂಟು ತಿಂಗಳ ಕಾಲಾವಕಾಶವಿದೆ. ಮಾಹಿತಿ ಸೋರಿದರೆ ದತ್ತಾಂಶ ಸಂರಕ್ಷಣಾ ಮಂಡಳಿಗೆ ಮಾತ್ರವಲ್ಲ, ಬಾಧಿತರಾದ ಪ್ರತಿಯೊಬ್ಬರಿಗೂ ತಿಳಿಸಬೇಕು; ತಿಳಿಸದಿದ್ದರೆ 200 ಕೋಟಿ ರೂಪಾಯಿಯವರೆಗೆ ದಂಡ ವಿಧಿಸಬಹುದು. ಏನಾಯಿತು, ಯಾವಾಗ, ಪರಿಣಾಮ ಏನಿರಬಹುದು, ನಾವೇನು ಮಾಡಿದ್ದೇವೆ, ನೀವೇನು ಮಾಡಬೇಕು, ಯಾರನ್ನು ಕೇಳಬೇಕು ಎಂಬುದನ್ನು ಸರಳ ಮಾತಿನಲ್ಲಿ ಹೇಳಬೇಕು ಎನ್ನುತ್ತದೆ ನಿಯಮ. ಕಾಯ್ದೆಯ ವ್ಯಾಖ್ಯಾನದಲ್ಲಿ ಆಕಸ್ಮಿಕವಾಗಿ ಬಯಲಾಗುವುದೂ ಸೇರಿದೆ. ಹ್ಯಾಕರ್ ಬರಲೇಬೇಕೆಂದಿಲ್ಲ, ತಪ್ಪು ಲಿಂಕ್ ಕಳುಹಿಸಿದರೂ ಅದು ಸೋರಿಕೆಯೇ.

ಇದು ವಿಶ್ವವಿದ್ಯಾಲಯಗಳ ಕಥೆ, ನಮಗೇನು ಎನ್ನುವ ಪ್ರಶಿಕ್ಷಣಾರ್ಥಿ ಮಿತ್ರರಿಗೆ ದೀಕ್ಷಾ ಆ್ಯಪ್‌ನ ಪ್ರಕರಣ ನೆನಪಿಸುತ್ತೇನೆ. ಶಿಕ್ಷಕರ ತರಬೇತಿಗೂ ಪಠ್ಯಪುಸ್ತಕದ ಕ್ಯೂಆರ್ ಕೋಡ್‌ಗೂ ನಾವೆಲ್ಲ ಬಳಸುವ ವೇದಿಕೆ ಅದು. ಅದರ ದತ್ತಾಂಶವಿದ್ದ ಒಂದು ಸಂಗ್ರಹ ಯಾವ ರಕ್ಷಣೆಯೂ ಇಲ್ಲದೆ ಒಂದು ವರ್ಷಕ್ಕೂ ಹೆಚ್ಚು ಕಾಲ ತೆರೆದಿತ್ತು ಎಂದು 2023ರ ಜನವರಿಯಲ್ಲಿ ವೈರ್ಡ್ ಪತ್ರಿಕೆ ವರದಿ ಮಾಡಿತು. ಹತ್ತು ಲಕ್ಷಕ್ಕೂ ಹೆಚ್ಚು ಶಿಕ್ಷಕರ ಹೆಸರು, ಮೊಬೈಲ್, ಇ-ಮೇಲ್. ಸುಮಾರು ಆರು ಲಕ್ಷ ವಿದ್ಯಾರ್ಥಿಗಳ ಹೆಸರು, ಶಾಲೆ ಮತ್ತು ಕಲಿಕೆಯ ವಿವರ ಅದರಲ್ಲಿದ್ದವು. ನಿಮ್ಮ ಹೆಸರು ಅದರಲ್ಲಿ ಇತ್ತು ಅಥವಾ ಇರಲಿಲ್ಲ ಎಂದು ನಮ್ಮ ಅಭ್ಯಾಸ ಶಾಲೆಯ ಶಿಕ್ಷಕರಲ್ಲಿ ಯಾರಿಗಾದರೂ ತಿಳಿಸಿದ್ದಾರೆಯೇ ಎಂದು ವಿಚಾರಿಸಿದೆ. ನಾನು ಕೇಳಿದ ಐವರಲ್ಲಿ ಯಾರಿಗೂ ಬಂದಿರಲಿಲ್ಲ. ನಾಲ್ವರಿಗೆ ಇಂಥದೊಂದು ಆಗಿತ್ತು ಎಂಬುದೇ ಹೊಸ ಸುದ್ದಿ.

ಈಗ ನಮ್ಮ ಮನೆಯಂಗಳ. ಬಿ.ಇಡ್.ನಲ್ಲಿ ಪ್ರತಿಯೊಬ್ಬರೂ ಒಂದು ವ್ಯಕ್ತಿ ಅಧ್ಯಯನ ಬರೆಯುತ್ತೇವೆ. ಇಂಟರ್ನ್‌ಶಿಪ್ ಶಾಲೆಯಲ್ಲಿ ‘ಸಮಸ್ಯಾತ್ಮಕ’ ಎನಿಸಿದ ಒಂದು ಮಗುವನ್ನು ಆರಿಸಿಕೊಂಡು, ಅದರ ಪೂರ್ಣ ಹೆಸರು, ಭಾವಚಿತ್ರ, ಜಾತಿ, ತಂದೆಯ ಉದ್ಯೋಗ, ಮನೆಯ ಆದಾಯ, ತಂದೆಯ ಕುಡಿತ, ತಾಯಿಯ ಕಾಯಿಲೆ, ಮಗು ಶಾಲೆ ತಪ್ಪಿಸುವ ಕಾರಣ ಎಲ್ಲವನ್ನೂ ಅಚ್ಚುಕಟ್ಟಾಗಿ ದಾಖಲಿಸುತ್ತೇವೆ. ಬಣ್ಣದ ಕಾಗದದ ಹೊದಿಕೆ ಹಾಕುತ್ತೇವೆ. ಮೌಖಿಕ ಪರೀಕ್ಷೆ ಮುಗಿದ ಮೇಲೆ ಆ ಪುಸ್ತಕ ಎಲ್ಲಿಗೆ ಹೋಗುತ್ತದೆ? ಕೆಲವು ಕಪಾಟಿಗೆ, ಕೆಲವು ಮುಂದಿನ ತಂಡಕ್ಕೆ ‘ಮಾದರಿ’ಯಾಗಿ, ಉಳಿದವು ರದ್ದಿಗೆ. ಮುಂದಿನ ತಂಡದವರಿಗೆ ಕೊಡುವಾಗ ಯಾರೋ ಪುಟಗಳ ಫೋಟೋ ತೆಗೆದು ಪಿಡಿಎಫ್ ಮಾಡುತ್ತಾರೆ, ಅದು ಗುಂಪಿನಿಂದ ಗುಂಪಿಗೆ ಹೋಗುತ್ತದೆ. ಕಾಗದದಲ್ಲಿರುವವರೆಗೆ ಮೇಲೆ ಹೇಳಿದ ಕಾಯ್ದೆ ಅದನ್ನು ಮುಟ್ಟುವುದಿಲ್ಲ. ಪಿಡಿಎಫ್ ಆದ ಕ್ಷಣದಿಂದ ಅದು ಡಿಜಿಟಲ್ ದತ್ತಾಂಶ. ಆದರೆ ಎಂಟನೆಯ ತರಗತಿಯ ಆ ಹುಡುಗನಿಗೆ ಈ ಸೂಕ್ಷ್ಮ ವ್ಯತ್ಯಾಸದಿಂದ ಆಗಬೇಕಾದ್ದೇನೂ ಇಲ್ಲ. ತನ್ನ ಮನೆಯ ಗುಟ್ಟು ಅದೇ ಊರಿನ ಯಾರದೋ ಮೊಬೈಲ್‌ನಲ್ಲಿದೆ ಎಂಬುದು ಅವನಿಗೆ ತಿಳಿಯುವುದು, ಯಾರಾದರೂ ಅದನ್ನು ಹಿಡಿದು ಹಂಗಿಸಿದ ದಿನ.

ವ್ಯಕ್ತಿ ಅಧ್ಯಯನವೇ ಬೇಡ ಎಂದು ನಾನು ವಾದಿಸುತ್ತಿಲ್ಲ. ಒಂದು ಮಗುವನ್ನು ಆರು ವಾರ ಹತ್ತಿರದಿಂದ ನೋಡಿದ್ದು ನನ್ನ ಇಡೀ ತರಬೇತಿಯಲ್ಲಿ ಅತ್ಯಂತ ಬೆಲೆಯುಳ್ಳ ಭಾಗ. ಬೇಡವಾದದ್ದು ಹೆಸರು ಮತ್ತು ಭಾವಚಿತ್ರ. ‘ಭಾವಚಿತ್ರ ಅಂಟಿಸಿಲ್ಲ’ ಎಂದು ಅಂಕ ಕಳೆಯುವ ಪದ್ಧತಿ ನಿಲ್ಲಬೇಕು. ಘಟಕ ಪರೀಕ್ಷೆಯ ಅಂಕಪಟ್ಟಿಯನ್ನು ಪೋಷಕರ ವಾಟ್ಸ್‌ಆಪ್ ಗುಂಪಿಗೆ ಇಡಿಯಾಗಿ ಹಾಕುವುದೂ ಇದೇ ಜಾತಿಗೆ ಸೇರಿದ್ದು. ಮಗುವಿನ ಅಂಕ ಅದರ ಪೋಷಕರಿಗೆ ತಿಳಿದರೆ ಸಾಕು.

ಬೋಧನಾಭ್ಯಾಸದ ವೇಳಾಪಟ್ಟಿಯಲ್ಲಿ ಒಂದು ಅವಧಿಯನ್ನು ಇದಕ್ಕೆ ಕೊಡಬಹುದು ಎಂಬುದು ನನ್ನ ಸಲಹೆ. ಉಪನ್ಯಾಸ ಬೇಡ, ಬರವಣಿಗೆ ಇರಲಿ. ಸನ್ನಿವೇಶ: ನಿಮ್ಮ ತರಗತಿಯ ನಲವತ್ತು ಮಕ್ಕಳ ವಿವರವಿದ್ದ ಪೆನ್‌ಡ್ರೈವ್ ಸೈಬರ್ ಕೇಂದ್ರದಲ್ಲಿ ಮರೆತುಹೋಗಿದೆ, ಮರುದಿನ ಹೋದಾಗ ಸಿಕ್ಕಿಲ್ಲ. ಪೋಷಕರಿಗೆ ಪತ್ರ ಬರೆಯಿರಿ. ನಾವು ನಾಲ್ವರು ಸೇರಿ ಪ್ರಯತ್ನಿಸಿದಾಗ ಮೊದಲ ಕರಡಿನಲ್ಲಿ ‘ಅನಿವಾರ್ಯ ಕಾರಣಗಳಿಂದ’, ‘ತಾಂತ್ರಿಕ ತೊಂದರೆ’ ಎಂಬ ಪದಗಳೇ ತುಂಬಿದ್ದವು. ಐದನೆಯ ಕರಡು ಹೀಗಿದೆ:

‘ಪೋಷಕರ ಗಮನಕ್ಕೆ. ಎಂಟನೆಯ ತರಗತಿಯ 40 ಮಕ್ಕಳ ಹೆಸರು, ಹುಟ್ಟಿದ ದಿನಾಂಕ, ನಿಮ್ಮ ಮೊಬೈಲ್ ಸಂಖ್ಯೆ ಮತ್ತು ವಿದ್ಯಾರ್ಥಿವೇತನದ ಬ್ಯಾಂಕ್ ಖಾತೆ ಸಂಖ್ಯೆ ಇದ್ದ ಒಂದು ಪೆನ್‌ಡ್ರೈವ್ ಸೋಮವಾರ ಸಂಜೆ ಕಳೆದುಹೋಗಿದೆ. ಅದು ಯಾರ ಕೈಗೆ ಸಿಕ್ಕಿದೆ, ಯಾರಾದರೂ ತೆರೆದಿದ್ದಾರೆಯೇ ಎಂಬುದು ನಮಗೆ ಗೊತ್ತಿಲ್ಲ. ಅದರಲ್ಲಿ ಆಧಾರ್ ಸಂಖ್ಯೆ ಇರಲಿಲ್ಲ. ಶಾಲೆಯ ಅಥವಾ ಬ್ಯಾಂಕಿನ ಹೆಸರು ಹೇಳಿ ಯಾರಾದರೂ ಕರೆ ಮಾಡಿದರೆ ಓಟಿಪಿ ಕೊಡಬೇಡಿ, ಹಣ ಹಾಕಬೇಡಿ. ಮಗುವಿನ ಹೆಸರು ಸರಿಯಾಗಿ ಹೇಳಿದರೂ ನಂಬಬೇಡಿ. ಶಾಲೆ ನಿಮ್ಮಿಂದ ಫೋನಿನಲ್ಲಿ ಹಣ ಕೇಳುವುದಿಲ್ಲ. ಹಣ ಹೋದರೆ ಕೂಡಲೇ 1930ಕ್ಕೆ ಕರೆ ಮಾಡಿ, ನಂತರ ನಮಗೂ ತಿಳಿಸಿ. ಶುಕ್ರವಾರ ಮಧ್ಯಾಹ್ನ 3 ಗಂಟೆಗೆ ತರಗತಿ ಶಿಕ್ಷಕರು ಶಾಲೆಯಲ್ಲಿ ಸಿಗುತ್ತಾರೆ. ಹೊಸದೇನಾದರೂ ತಿಳಿದರೆ ಮತ್ತೆ ಬರೆಯುತ್ತೇವೆ.’

ಇದನ್ನು ಬರೆಯಲು ನಮಗೆ ನಲವತ್ತು ನಿಮಿಷ ಹಿಡಿಯಿತು. ‘ನಮಗೆ ಗೊತ್ತಿಲ್ಲ’ ಎಂಬ ವಾಕ್ಯವನ್ನು ಇಡಬೇಕೇ ಬೇಡವೇ ಎಂಬ ಚರ್ಚೆಗೇ ಹದಿನೈದು ನಿಮಿಷ ಹೋಯಿತು. ಇಟ್ಟೆವು.

ವ್ಯಕ್ತಿ ಅಧ್ಯಯನದ ನಮೂನೆಗೆ ಸಂಬಂಧಿಸಿ ಮೂವರು ಉಪನ್ಯಾಸಕರೊಂದಿಗೆ ಮಾತಾಡಿದ್ದೇನೆ. ಇಬ್ಬರು ಒಪ್ಪಿದ್ದಾರೆ, ಒಬ್ಬರು ವಿಶ್ವವಿದ್ಯಾಲಯದ ಸುತ್ತೋಲೆ ಬರಲಿ ಎನ್ನುತ್ತಾರೆ. ನಮ್ಮ ಕೋರಿಕೆ ಇಷ್ಟೇ: ಮೊದಲ ಪುಟದಲ್ಲಿ ಹೆಸರಿನ ಜಾಗಕ್ಕೆ ಒಂದು ಸಂಕೇತ ಸಂಖ್ಯೆ, ಭಾವಚಿತ್ರದ ಚೌಕಟ್ಟು ಖಾಲಿ, ಊರಿನ ಬದಲು ತಾಲ್ಲೂಕು. ಯಾವ ಸಂಕೇತ ಯಾವ ಮಗು ಎಂಬ ಚೀಟಿ ಮಾರ್ಗದರ್ಶಕರ ಬಳಿ ಮುಚ್ಚಿದ ಲಕೋಟೆಯಲ್ಲಿರಲಿ, ಮೌಖಿಕ ಪರೀಕ್ಷೆಯ ಸಂಜೆ ನಮ್ಮೆದುರೇ ಅದನ್ನು ಹರಿದುಹಾಕಲಿ. ಮುಂದಿನ ತಂಡದ ಇಂಟರ್ನ್‌ಶಿಪ್ ಶುರುವಾಗುವ ಮೊದಲು ಹೊಸ ನಮೂನೆ ಅಚ್ಚಾಗಬೇಕಾದರೆ ಈ ತಿಂಗಳೊಳಗೆ ತೀರ್ಮಾನವಾಗಬೇಕು.